ಚೆಕ್ಕುಬಂದಿ

ವಿರಾಜಪೇಟೆಯ ಗಡಿಯಾರ ಕಂಬದಿಂದ ನಾಲ್ಕು ಅಂಗಡಿ ಆಚೆ,
ಕೊಡೆ ರಿಪೇರಿಯವನ ತಲೆಯ ಮೇಲೆ
ವಕೀಲ ಸುಬೈರರ ಕಚೇರಿ. ಹದಿನೇಳು ಮೆಟ್ಟಿಲು.
ಒಂದೊಂದಕ್ಕೂ ನನ್ನ ಮಂಡಿ ರಸೀದಿ ಕೊಟ್ಟಿತು.

‘ಕೂತ್ಕೊಳ್ಳಿ ಮೇಡಂ.’ ಮೂವತ್ತೊಂದು ವರ್ಷ
ಬಿಟ್ಟಂಗಾಲದ ಅಂಚೆ ಕಿಟಕಿಯ ಒಳಗೆ ಕೂತು
ಊರವರ ಪಾರ್ಸೆಲ್ಲು ತೂಗಿದವಳು ನಾನು;
ಇವತ್ತು ಕಿಟಕಿಯ ಹೊರಗೆ.

‘ಮೊದಲು ಏನಿದೆ ಹೇಳಿ. ಕೊಡೋದು ಆಮೇಲೆ.’

ಐನ್‌ಮನೆ ಎಂದೆ. ಪೆನ್ನು ಎತ್ತಲಿಲ್ಲ.
ಜಮ್ಮ ಗದ್ದೆ, ಬಾಣೆ ಎಂದೆ. ಪಹಣಿ ತಿರುಗಿಸಿ ತೋರಿಸಿದರು:
ಅರವತ್ತೆರಡು ಹೆಸರು, ಅದರಲ್ಲಿ ನಲವತ್ತು ಜನ
ಈಗ ವರ್ಷಕ್ಕೊಮ್ಮೆ ಕೈಮಡದಲ್ಲಿ ಉಣ್ಣುವವರು.
‘ಅದು ಒಕ್ಕದ್ದು. ನೀವು ಅದನ್ನ ಇಟ್ಕೊಂಡಿಲ್ಲ,
ಅದು ನಿಮ್ಮನ್ನ ಇಟ್ಕೊಂಡಿದೆ. ನಿಮ್ಮದೇನು?’

ನನ್ನದು.
ಆ ಪದ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.
ಎರಡು ಎಕರೆ ಹದಿನೈದು ಸೆಂಟು ರೋಬಸ್ಟಾ,
ಪಿ.ಎಫ್. ಸಾಲಕ್ಕೆ ಅವ್ವನ ಜೋಮಾಲೆ ಸೇರಿಸಿ ಕೊಂಡದ್ದು.
‘ಸ್ವಯಾರ್ಜಿತ’ ಎಂದು ದುಂಡಗೆ ಬರೆದುಕೊಂಡರು.
ನನ್ನ ಬಗ್ಗೆ ಯಾರೂ ಇಷ್ಟು ಒಳ್ಳೆಯ ಪದ ಬಳಸಿರಲಿಲ್ಲ.

‘ಚೆಕ್ಕುಬಂದಿ?’
ಪೂರ್ವಕ್ಕೆ ತೋಡು. ಉತ್ತರಕ್ಕೆ ಪೈಸಾರಿ.
ಪಶ್ಚಿಮಕ್ಕೆ, ಹಳೇ ಕ್ರಯಪತ್ರದ ಪ್ರಕಾರ, ಮುದ್ದಪ್ಪನ ಗದ್ದೆ.
ಮುದ್ದಪ್ಪ ಇಲ್ಲ, ಗದ್ದೆಯೂ ಇಲ್ಲ, ಅಲ್ಲೀಗ ಹೋಂಸ್ಟೇ,
ಶನಿವಾರ ರಾತ್ರಿಯೆಲ್ಲ ಯಾರದೋ ಹುಟ್ಟುಹಬ್ಬ.
‘ಇರಲಿ ಬಿಡಿ, ಕಾಗದದಲ್ಲಿ ಗದ್ದೆ ಇನ್ನೂ ಹಸಿರಾಗಿದೆ.’

ದಕ್ಷಿಣಕ್ಕೆ
ಅಣ್ಣ ಉತ್ತಯ್ಯನ ಬೇಲಿ.
ಅಣ್ಣ ತೀರಿಕೊಂಡ. ಈಗ ಅತ್ತಿಗೆಯದು.
ಹತ್ತೊಂಬತ್ತು ವರ್ಷದ ಹಿಂದೆ ಒಂದೂವರೆ ಅಡಿ
ಈಚೆ ನಡೆದು ಬಂದು ನಿಂತ ಬೇಲಿ;
ಮಾತೂ ಅವತ್ತು ಅಲ್ಲೇ ನಿಂತಿತು.
ತಂತಿಗೆ ಸಿಕ್ಕಿಕೊಂಡು ಒಂದು ಪಣಪುಳಿ ಮರ:
ಬೇರು ನನ್ನ ಕಡೆ, ಹಣ್ಣು ಬೀಳುವುದು ಅವಳ ಕಡೆ.
ನಾನು ಹೆಕ್ಕಲು ಹೋಗಿಲ್ಲ. ಅವಳು ಕೇಳಿಲ್ಲ.

ತಂಗಿಯ ಮಗಳು ಗ್ರೀಷ್ಮಾಳಿಗೆ ತೋಟ.
ಮರಗಸಿ ಯಾವಾಗ ಮಾಡಬೇಕೆಂದು ಅವಳಿಗೆ ಗೊತ್ತು,
ಆಳುಗಳ ಮಕ್ಕಳ ಹೆಸರೂ ಗೊತ್ತು.
ಅಂಚೆ ಠೇವಣಿ, ಲೈನ್ ಮನೆಯ ಚಾವಣಿಗೆ.
ಎಲ್ಲ ಸರಾಗ ಬಂತು. ಆಮೇಲೆ ಕೇಳಿದೆ:
‘ನೆಲ ಬಿಟ್ಟು ಬರೀ ಮರ ಕೊಡಬಹುದಾ?’
ಕನ್ನಡಕ ಹಣೆಗೇರಿತು. ‘ಫಲದ ಹಕ್ಕು ಅಂತ ಬರೀಬಹುದು. ಯಾರಿಗೆ?’
‘ಚೋಂದಮ್ಮ. ಅಣ್ಣನ ಹೆಂಡತಿ. ಅವಳಿರುವ ತನಕ.’

ಗುಮಾಸ್ತ ಟೈಪು ನಿಲ್ಲಿಸಿ ಫ್ಯಾನು ನೋಡಿದ.

‘ಎರಡು ಸಾಕ್ಷಿ ಬೇಕು. ನಿಮ್ಮನ್ನ ಬಲ್ಲವರು,
ಪಾಲಿಲ್ಲದವರಾದರೆ ಒಳ್ಳೇದು, ನಾಳೆ ತಕರಾರಿರಲ್ಲ.’

ಬಲ್ಲವರು, ಪಾಲಿಲ್ಲದವರು.
ನನ್ನ ಅಡುಗೆಮನೆಯ ದೀಪ ಎಷ್ಟಕ್ಕೆ ಆರುತ್ತದೆ,
ಯಾವ ದಿನ ಒಲೆಯ ಹೊಗೆ ಏಳಲಿಲ್ಲ
ಎಂಬುದೆಲ್ಲ ಬೇಲಿಯಾಚೆ ಒಬ್ಬಳಿಗೆ ಮಾತ್ರ ಗೊತ್ತು.
ಅಂಥ ಎರಡು ಸಂಜೆ ನನ್ನ ಗೇಟಿನಲ್ಲಿ
ಗಂಜಿಯ ಕ್ಯಾರಿಯರು ನೇತಾಡುತ್ತಿತ್ತು. ಯಾರೂ ಕೂಗಿರಲಿಲ್ಲ.
ತೊಳೆದು ಅಲ್ಲೇ ನೇತುಹಾಕಿದೆ. ನಾನೂ ಕೂಗಲಿಲ್ಲ.
ಸಾಕ್ಷಿಯೆಂದರೆ ಅವಳೇ. ಅವಳಿಗೋ ಮರ ಕೊಟ್ಟುಬಿಟ್ಟೆ.

ಕೊನೆಗೆ ಸಹಿ ಹಾಕಿದ್ದು ಗುಮಾಸ್ತ, ಮತ್ತೆ
ಕೆಳಗಿನಿಂದ ಕೈ ಒರೆಸುತ್ತ ಬಂದ ಕೊಡೆ ರಿಪೇರಿಯವನು.
ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ
ಎಂದು ವಕೀಲರು ಓದುವಾಗ ಆತ ನನ್ನ ಮುಖ ನೋಡಲಿಲ್ಲ.
ಮೂಲೆಯಲ್ಲಿ ಒರಗಿದ್ದ ನನ್ನ ಕೊಡೆ ನೋಡಿ,
‘ಎರಡು ಕಡ್ಡಿ ಹೋಗಿದೆ, ಮಳೆ ಹಿಡಿಯೋ ಮುಂಚೆ ಕೊಡಿ’ ಎಂದ.

ಎಷ್ಟು ರಿಜಿಸ್ಟರ್ಡ್ ಪತ್ರಕ್ಕೆ ಮೊಹರು ಹೊಡೆದಿಲ್ಲ ಈ ಕೈ!
ಇದೊಂದೇ, ತಲುಪಿದ ಕಾರ್ಡು
ಕಳಿಸಿದವಳಿಗೆ ವಾಪಸು ಬಾರದ್ದು.

ಫೀಸು ಹೇಳಿದರು, ಕೊಟ್ಟೆ. ಮೆಟ್ಟಿಲ ತನಕ ಬಂದು,
ಸ್ವಲ್ಪ ನಾಚಿ, ‘ಮನೇಲಿ ಮೀನಿಗೆ ಕಾಚಂಪುಳಿ ಮುಗಿದಿದೆ.
ನಿಮ್ಮಲ್ಲಿ ಒಂದು ಬಾಟಲಿ...’

‘ಕಕ್ಕಡ ಬರಲಿ’ ಎಂದುಬಿಟ್ಟೆ.
ಇಳಿಯುತ್ತ ಲೆಕ್ಕ ಹಾಕಿದೆ: ಉಯಿಲು ಜಾರಿಯಾಗಲು
ನಾನು ಸಾಯಬೇಕು. ಬಾಟಲಿಗೆ ಅಷ್ಟು ಕಾಯಲಾಗದು.
ಹಣ್ಣು ಬೀಳುವ ಕಡೆಗೆ ಹೋಗಿಯೇ ಕೇಳಬೇಕು.

ಕೊಡೆ ಕೆಳಗೆ ಕೊಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ.
ಅತ್ತಿಗೆ ಎನ್ನಲೋ, ಚೋಂದಮ್ಮ ಎನ್ನಲೋ,
ಬೇಲಿಯ ಹತ್ತಿರ ಸುಮ್ಮನೆ ಕೆಮ್ಮಲೋ.